ಚೌಕದ ಮುಚ್ಚಳ

"ನನ್ನ ತೊಡೆ ಮೇಲಿರೋ ಈ ಮಗು ಯಾರದು?" ಎಂದು ಮಾಜಿ ಮೇಯರ್ ಕೇಳಿದಳು.

ಕಲಾವಿದ ಕುಂಚ ಒರೆಸುತ್ತಿದ್ದ ಬಟ್ಟೆಯನ್ನು ಸುಮ್ಮನೆ ಹಿಂಡಿದ. ಮರುದಿನ ಪರದೆ ಸರಿಸಬೇಕಾದ ಎರಡು ಚಿತ್ರಗಳು ನಗರಸಭೆಯ ಗೋಡೆಯ ಮೇಲೆ ಅಕ್ಕಪಕ್ಕ ತೂಗುತ್ತಿದ್ದವು. ಒಂದು ಈಕೆಯದು, ಇನ್ನೊಂದು ಈಕೆಯ ನಂತರ ಮೇಯರ್ ಆದವನದು. ಮೇಯರ್‌ಗಳ ಚಿತ್ರಗಳ ಆ ಸಾಲಿನಲ್ಲಿ ಉಳಿದವರೆಲ್ಲ ಗಂಡಸರು. ಯಾರ ಕಾಲದಲ್ಲಿ ಯಾವ ಕೆಲಸ ಆಯಿತೋ ಅದನ್ನು ಅವರ ಬೆನ್ನ ಹಿಂದೆ ಬರೆಸುವುದು ಅಲ್ಲಿನ ವಾಡಿಕೆ. ಒಬ್ಬನ ಹಿಂದೆ ಸೇತುವೆ, ಇನ್ನೊಬ್ಬನ ಹಿಂದೆ ನೀರಿನ ಟ್ಯಾಂಕು. ಏನೂ ಮಾಡದೆ ಮನೆಗೆ ಹೋದವನೊಬ್ಬನ ಹಿಂದೆ ದೊಡ್ಡದೊಂದು ಸೂರ್ಯೋದಯವಿತ್ತು. ಈಕೆಯ ಹಿಂದೆ ಗುಲಾಬಿ ತೋಟ.

ಮಗು ಯಾರದೂ ಅಲ್ಲ, ಇದ್ದರೆ ಲಕ್ಷಣವಾಗಿ ಕಾಣುತ್ತದೆ ಎಂದು ನಗರಸಭೆಯವರು ಹೇಳಿ ಬರೆಸಿದರು ಎಂದ ಕಲಾವಿದ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಕಣ್ಣು ಪಕ್ಕದ ಚಿತ್ರಕ್ಕೆ ಹೋಗಿತ್ತು. ಅಲ್ಲಿ ಅಗೆದ ಬೀದಿಯಿತ್ತು, ಸಾಲಾಗಿ ಮಲಗಿಸಿದ ಕೊಳವೆಗಳಿದ್ದವು. ಅವುಗಳ ನಡುವೆ ಆಕೆಯ ನಂತರದ ಮೇಯರ್ ಒಳಚರಂಡಿಯ ಬಾಯಿಗೆ ಮುಚ್ಚಿದ ಮುಚ್ಚಳದ ಮೇಲೆ ಒಂದು ಕಾಲಿಟ್ಟು ನಗುತ್ತ ನಿಂತಿದ್ದ.

ಆ ಒಳಚರಂಡಿಗಾಗಿಯೇ ಆಕೆ ಚುನಾವಣೆಗೆ ನಿಂತದ್ದು. ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದಾಗ ತಗ್ಗಿನ ಬೀದಿಗಳ ಎಷ್ಟೋ ಕೂಸುಗಳನ್ನು ಆಕೆ ಬರಮಾಡಿಕೊಂಡಿದ್ದಳು. ಕೊಳಚೆ ಬೆರೆತ ನೀರು ಕುಡಿದು ವಾಂತಿಭೇದಿಯಾಗಿ ಅವೇ ಕೂಸುಗಳು ತಿರುಗಿ ಬಂದಾಗ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟವಳೂ ಆಕೆಯೇ. ಗೆದ್ದು ಬಂದ ಮೊದಲ ದಿನ ಬಾಗಿಲಿನವನು, ಮೇಯರ್ ಸಾಹೇಬರು ಇನ್ನೂ ಬಂದಿಲ್ಲ, ಹೊರಗೆ ಕೂತಿರಿ ಎಂದಿದ್ದ. ಮನೆಮನೆಯ ಹೊಲಸು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಸಭೆಯಲ್ಲಿ ಬಿಡಿಸಿ ಹೇಳಿದಾಗ ಸದಸ್ಯರು ಮೂಗಿಗೆ ಕರವಸ್ತ್ರ ಹಿಡಿದರು, ನಾತ ಆಕೆಯ ಮಾತಿನಿಂದಲೇ ಬರುತ್ತಿದೆ ಎಂಬಂತೆ. ಬಟ್ಟೆ ಎತ್ತಿ ಕಟ್ಟಿ ಏಣಿಯಿಂದ ಗುಂಡಿಗೆ ಇಳಿದ ಮೇಲಂತೂ ಊರಿಗೆಲ್ಲ ಆಕೆ 'ಚರಂಡಿಯಮ್ಮ'.

ಆಗಲೇ ಒಂದು ಚೌಕದ ಮುಚ್ಚಳ ಓರೆಯಾಗಿ, ತಾನು ಮುಚ್ಚಬೇಕಾದ ಬಾಯಿಯೊಳಗೇ ಜಾರಿ ಬಿದ್ದು, ಕೆಳಗಿದ್ದ ಕೆಲಸಗಾರನ ಭುಜ ಮುರಿದಿತ್ತು. ಗುಂಡನೆಯದನ್ನು ಹೇಗೆ ತಿರುಗಿಸಿದರೂ ಒಳಗೆ ಬೀಳುವುದಿಲ್ಲ, ಎಲ್ಲ ಮುಚ್ಚಳವೂ ಗುಂಡಗೇ ಆಗಬೇಕು ಎಂದು ಆಕೆ ಹಟ ಹಿಡಿದಳು. ಅವತ್ತು ಎದ್ದು ನಿಂತವನು ಆಗಿನ ಉಪಮೇಯರ್, ಈಗ ಚಿತ್ರದಲ್ಲಿ ಮುಚ್ಚಳದ ಮೇಲೆ ಕಾಲಿಟ್ಟಿರುವ ಇವನೇ. ಮುಚ್ಚಳ ಗುಂಡಗಿದ್ದರೇನು, ಚೌಕವಿದ್ದರೇನು, ವಾಸನೆ ಒಂದೇ ತಾನೇ ಎಂದ. ಸಭೆ ಮೇಜು ಕುಟ್ಟಿ ನಕ್ಕಿತು. ಯೋಜನೆಗೆ ವಿರುದ್ಧವಾಗಿ ಕೈ ಎತ್ತಿದವನೂ ಅವನೇ. ಆದರೆ ಕೆಲಸ ಮುಗಿಯುವ ಹೊತ್ತಿಗೆ ಆಕೆಯ ಅವಧಿ ಮುಗಿದಿತ್ತು. ರಿಬ್ಬನ್ನೂ ಕತ್ತರಿಯೂ ಅವನ ಕೈಗೆ ಹೋದವು.

ಅವನೇ ಈಗ ಒಳಗೆ ಬಂದ. ಹುಟ್ಟಿದ್ದು ಆಕೆಯ ಹೆರಿಗೆ ವಾರ್ಡಿನಲ್ಲಿ, ಹಾಗಾಗಿ ಮೊದಲಿಂದಲೂ ದೊಡ್ಡಮ್ಮ ಎಂದೇ ಕರೆಯುವವನು. ತೋಟ ಹೇಗಿದೆ ಎಂದು ನಗುತ್ತ ಕೇಳಿದ. ಆಕೆ ಅವನ ಚಿತ್ರದ ಕಡೆ ಬೆರಳು ತೋರಿದಳು.

"ದೊಡ್ಡಮ್ಮ, ನೀವೇ ಹೇಳಿ. ಹೆಣ್ಣುಮಕ್ಕಳ ಚಿತ್ರದಲ್ಲಿ ಚರಂಡಿ ಚೆನ್ನಾಗಿರುತ್ತಾ?"

"ನಿನ್ನ ಚಿತ್ರದಲ್ಲಿ ಚೆನ್ನಾಗಿದೆಯಲ್ಲ."

"ನಮಗೇನು, ಗಂಡಸರು. ನಡೆಯುತ್ತೆ."

"ಬೈಯೋವಾಗ ಚರಂಡಿ ನನ್ನದಾಗಿತ್ತು," ಎಂದಳು ಆಕೆ. ದನಿ ಏರಲಿಲ್ಲ. "ಹೊಗಳೋವಾಗ ನಿನ್ನದಾಯ್ತಾ?"

ಅವನು ಗಡಿಯಾರ ನೋಡಿಕೊಂಡ. ಆಮಂತ್ರಣ ಹೋಗಿಯಾಗಿದೆ, ಈ ವಯಸ್ಸಿನಲ್ಲಿ ಇಷ್ಟೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು, ನಾಳೆ ಮುಂದಿನ ಸಾಲಿನಲ್ಲೇ ಕುರ್ಚಿ ಇಡಿಸಿದ್ದೇನೆ ಎಂದೆಲ್ಲ ಹೇಳಿ, ಕಲಾವಿದನ ಬೆನ್ನು ತಟ್ಟಿ ಹೊರಟುಹೋದ. ಹುಟ್ಟಿದ ಗಳಿಗೆಯಲ್ಲಿ ಅವನನ್ನು ತಲೆಕೆಳಗಾಗಿ ಹಿಡಿದು, ತಟ್ಟಿ ಅಳಿಸಿದ ಕೈಗಳನ್ನು ಆಕೆ ಮುಷ್ಟಿಯಾಗಿ ಬಿಗಿದು ನಿಂತಳು.

ಕಲಾವಿದನಿಗೆ ತಲೆ ಎತ್ತಲಾಗಲಿಲ್ಲ. ಬಣ್ಣ ಇನ್ನೂ ಹಸಿಯಾಗಿದೆ, ಆ ಮುಚ್ಚಳವನ್ನಾದರೂ ಸರಿ ಮಾಡಿಬಿಡುತ್ತೇನೆ ಎಂದ. ಆಗಲೇ ಆಕೆ ಹತ್ತಿರ ಹೋಗಿ ನೋಡಿದ್ದು. ಚಿತ್ರದಲ್ಲಿ ನಗುತ್ತ ನಿಂತವನ ಕಾಲ ಕೆಳಗಿನ ಮುಚ್ಚಳ ಚೌಕವಾಗಿತ್ತು.

"ನಾನು ಗುಂಡಗೇ ಬರೆದಿದ್ದೆ ಅಮ್ಮ. ಕಾಲಿಟ್ಟಾಗ ಚೌಕದ್ದೇ ಗತ್ತಾಗಿ ಕಾಣುತ್ತೆ ಅಂತ ಅವರೇ ಹೇಳಿ ಬದಲಾಯಿಸಿದರು."

ಅಂದು ಗುಂಡಿಯೊಳಗೆ ಜಾರಿ ಬಿದ್ದ ಮುಚ್ಚಳ ಆಕೆಗೆ ನೆನಪಾಯಿತು. ತುಟಿಯ ಅಂಚಿನಲ್ಲಿ ಏನೋ ಅಲುಗಿತು. ಅದು ನಗೆಯಲ್ಲ.

"ಅದನ್ನ ಮುಟ್ಟಬೇಡ. ನನ್ನದನ್ನ ಇಳಿಸು."

ನಾಳೆ ಜನ ಬಂದಾಗ ಆ ಜಾಗ ಖಾಲಿ ಕಂಡರೆ ತಾನು ಏನು ಹೇಳಲಿ ಎಂದು ಕಲಾವಿದ ತಡವರಿಸಿದ.

"ಗುಲಾಬಿ ನೋಡಿದವರು ಏನೂ ಕೇಳಲ್ಲ," ಎಂದಳು. "ಖಾಲಿ ಮೊಳೆ ನೋಡಿದವರು ಯಾರದು ಅಂತ ಕೇಳ್ತಾರೆ. ನಿನಗೆ ಗೊತ್ತಿದ್ದನ್ನ ಹೇಳು."

ತೋಟವೂ ಯಾರದೂ ಅಲ್ಲದ ಆ ಮಗುವೂ ಗೋಡೆಯಿಂದ ಇಳಿದವು. ಮೊಳೆಯೊಂದೇ ಉಳಿಯಿತು. ಅದರ ಪಕ್ಕದ ಚಿತ್ರದಲ್ಲಿ ಅವನು ನಗುತ್ತಲೇ ಇದ್ದ. ಹೊಳೆಯುವ ಬೂಟು ಮುಚ್ಚಳದ ಒಂದು ಮೂಲೆಯ ಮೇಲಿತ್ತು. ಎದುರಿನ ಮೂಲೆ ಚೂರೇ ಚೂರು ಮೇಲೆದ್ದಿತ್ತು, ಅದರ ಸಂದಿಯಲ್ಲಿ ಕಪ್ಪು ಕಾಣುತ್ತಿತ್ತು.