ಎಡಗಡೆಯ ಎಂಟು ಮನೆಗಳು

ಒಂದು ದಿನದ ಮಟ್ಟಿಗೆ ಎಂದು ಹೇಳಿದ ಸುಳ್ಳು ಹನ್ನೊಂದು ದಿನ ಬಾಳಿದರೆ ಅದನ್ನು ಏನೆಂದು ಕರೆಯಬೇಕು? ಇವತ್ತೇ ತೆಗೆದುಬಿಡಲೇ, ಇಲ್ಲ ಸೋಮವಾರ ಕಳೆಯಲಿ ಎನ್ನಲೇ? ಸೋಮವಾರ ಎಂದರೆ ಅಣ್ಣ ಮತ್ತೆ ಬಸ್ಸು ಹತ್ತುವ ದಿನ. ಲ್ಯಾಪ್‌ಟಾಪಿನ ಮುಂದೆ ಕೂತ ತಮ್ಮ, ತಾನೇ ಬರೆದ ಇಪ್ಪತ್ತು ಸಾಲಿನ ಜಾವಾಸ್ಕ್ರಿಪ್ಟ್ ಪ್ರೋಗ್ರಾಮನ್ನು ಬೇರೆಯವರ ಪತ್ರ ಕದ್ದು ಓದುವವನಂತೆ ನೋಡುತ್ತಿದ್ದ.

ಅಣ್ಣ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು. ಮೂರು ತಿಂಗಳ ಹಿಂದೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಲಗಿದವನು ಎದ್ದಾಗ ಕೈಕಾಲು, ಮಾತು, ತಮಾಷೆ ಎಲ್ಲ ಮರಳಿ ಬಂದವು. ಪ್ರಪಂಚದ ಎಡಗಡೆ ಮಾತ್ರ ಬರಲಿಲ್ಲ. ಕಣ್ಣು ಸರಿಯಾಗಿಯೇ ಇತ್ತು, ಗಮನ ಅತ್ತ ಹೋಗುತ್ತಿರಲಿಲ್ಲ. ತಟ್ಟೆಯ ಬಲಗಡೆಯದನ್ನಷ್ಟೇ ತಿಂದು ಏಳುತ್ತಿದ್ದ. ಬಲಗೆನ್ನೆಗೆ ಮಾತ್ರ ಕ್ಷೌರ. ಆಸ್ಪತ್ರೆಯ ತರಬೇತುದಾರಳು ಅಕ್ಷರ ತುಂಬಿದ ಒಂದು ಹಾಳೆ ಕೊಟ್ಟು, ಇದರಲ್ಲಿರುವ ‘ಮ’ಗಳಿಗೆಲ್ಲ ದಿನಾ ಸುತ್ತು ಹಾಕಿ ಎಂದಿದ್ದಳು. ಬಿಟ್ಟುಹೋದದ್ದನ್ನು ಹೆಂಡತಿ ತೋರಿಸಿಕೊಟ್ಟದ್ದೇ ತಡ, ಅಣ್ಣ ಎರಡು ದಿನದಲ್ಲಿ ಇಡೀ ಹಾಳೆಯನ್ನು ಬಸ್‌ಸ್ಟಾಪುಗಳ ಹಾಗೆ ಬಾಯಿಪಾಠ ಮಾಡಿಬಿಟ್ಟ. ಈ ಪ್ರೋಗ್ರಾಮನ್ನು ತಮ್ಮ ಬರೆದದ್ದು ಅದಕ್ಕಾಗಿಯೇ. ಗುಂಡಿ ಒತ್ತಿದರೆ ಹನ್ನೆರಡು ಸಾಲು, ಸಾಲಿಗೆ ಹದಿನಾರು ಮನೆ, ಮನೆಗೊಂದು ಕಣ್ಣುಮುಚ್ಚಿ ಹೆಕ್ಕಿದ ಅಕ್ಷರ. ನಡುನಡುವೆ ಎಲ್ಲೆಂದರಲ್ಲಿ ಇಪ್ಪತ್ತು ‘ಮ’. ದಿನಕ್ಕೊಂದು ಹೊಸ ಹಾಳೆ, ಬಾಯಿಪಾಠಕ್ಕೆ ಸಿಗದಂಥದ್ದು.

ಮೊದಲ ವಾರ ಅಣ್ಣ ಎಂಟು, ಒಂಬತ್ತರ ಮೇಲೆ ಹೋಗಲಿಲ್ಲ. ಏಳನೆಯ ದಿನ ಪೆನ್ನು ಎಸೆದು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಆಗ ಪ್ರೋಗ್ರಾಮಿನ ಒಂದು ಸಾಲನ್ನು ತಮ್ಮ ತಿದ್ದಿದ. ‘ಮ’ ಬೀಳುವುದು ಹದಿನಾರರಲ್ಲಿ ಯಾವುದೋ ಒಂದು ಮನೆಗೆ ಎಂದಿದ್ದದ್ದು, ಎಂಟರಲ್ಲಿ ಯಾವುದೋ ಒಂದು, ಅದಕ್ಕೆ ಎಂಟು ಕೂಡಿಸು ಎಂದಾಯಿತು. ಎಲ್ಲವೂ ಬಲಕ್ಕೆ. ಇವತ್ತೊಂದು ದಿನ ಗೆಲ್ಲಲಿ ಎಂದುಕೊಂಡ. ಅಣ್ಣ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ, ಹಾಳೆಯನ್ನು ಹಿಡಿದು ಅಡುಗೆಮನೆಗೆ ಓಡಿದ. ಆ ಮುಖ ನೋಡಿದ ಮೇಲೆ ಸಾಲನ್ನು ಮೊದಲಿನಂತೆ ಮಾಡಲು ತಮ್ಮನ ಕೈ ಏಳಲಿಲ್ಲ.

“ಏನಪ್ಪಾ, ಹಾಳೆ ಇನ್ನೂ ಬೇಯ್ತಾ ಇದೆಯಾ?” ಅಣ್ಣ ಒಳಗೆ ಬಂದ, ಬರುವಾಗ ಎಡಭುಜ ಬಾಗಿಲಿಗೆ ತಾಗಿಸಿಕೊಂಡೇ ಬಂದ. “ತಗೋ, ಡ್ಯೂಟಿಗೆ ವಾಪಸ್ ಸೇರೋಕೆ ಡಿಪೋ ಅರ್ಜಿ. ತುಂಬಿದೀನಿ. ಒಂದ್ಸಲ ನೋಡ್ಬಿಡು.”

ತಮ್ಮ ನೋಡಿದ. ದುಂಡಗಿನ, ಮುದ್ದಾದ ಅಕ್ಷರ. ಬಲಗಡೆಯ ಖಾನೆಗಳೆಲ್ಲ ತುಂಬಿದ್ದವು. ಎಡಗಡೆಯ ಒಂದು ಖಾನೆಗೂ ಪೆನ್ನು ತಾಗಿರಲಿಲ್ಲ. ಅವನಿಗೆ ಕಂಡದ್ದು ಅರ್ಜಿಯಲ್ಲ, ಎಡಗಡೆಯಿಂದ ರಸ್ತೆಗೆ ಇಳಿಯುತ್ತಿರುವ ಯಾರದೋ ಮಗು. ಅವನು ತಿರುಗಿ, ‘ಎಂಟು ಕೂಡಿಸು’ ಎಂಬುದನ್ನು ಅಳಿಸಿ, ಎಂಟನ್ನು ಹದಿನಾರು ಮಾಡಿ, ಗುಂಡಿ ಒತ್ತಿದ. ಪ್ರಿಂಟರು ಹಾಳೆ ಉಗುಳಿತು.

ಅಣ್ಣ ಶಿಳ್ಳೆ ಹೊಡೆಯುತ್ತ ‘ಮ’ಗಳಿಗೆ ಸುತ್ತು ಹಾಕಿದ. ಒಂಬತ್ತಾಯಿತು. “ಮುಗೀತು!”

“ಇಲ್ಲ ಅಣ್ಣ. ಇನ್ನೂ ಹನ್ನೊಂದಿದೆ.”

“ಎಲ್ಲೋ? ನಿನ್ನ ಕಂಪ್ಯೂಟರ್‌ಗೆ ಎಣಿಸೋಕೆ ಬರಲ್ವೇನೋ?”

ತಮ್ಮ ಅವನ ಎಡಗೈ ಹಿಡಿದು ಹಾಳೆಯ ಎಡ ಅಂಚಿನ ಮೇಲಿಟ್ಟ. ಅಣ್ಣ ಆ ಕೈಯನ್ನು ಹುಡುಕಿಕೊಂಡು ನಿಧಾನವಾಗಿ ಕತ್ತು ತಿರುಗಿಸಿದ. ಸುತ್ತು ಬೀಳದ ‘ಮ’ಗಳು ಅಲ್ಲಿದ್ದವು. ಕಾಫಿ ತಂದ ಅತ್ತಿಗೆ ಲೋಟ ಹಿಡಿದು ಬಾಗಿಲಲ್ಲೇ ಉಳಿದಳು.

“ನಿನ್ನೆ ತನಕ ಎಲ್ಲಾ ಸಿಕ್ತಿತ್ತಲ್ಲೋ,” ಎಂದ ಅಣ್ಣ. “ಮತ್ತೆ ಹಿಂದಕ್ಕೆ ಹೋಗ್ಬಿಟ್ನಾ ನಾನು?”

ಹೇಳಬೇಕಾದ ಮಾತು ತಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ನೀನು ಹಿಂದಕ್ಕೆ ಹೋಗಿಲ್ಲ, ಮುಂದಕ್ಕೂ ಬಂದಿರಲಿಲ್ಲ. ಇದರಲ್ಲಿ ಯಾವ ಅರ್ಧ ಸಮಾಧಾನ, ಯಾವ ಅರ್ಧ ಏಟು ಎಂದು ತಿಳಿಯದೆ ಅವನು ಹಾಳೆಯನ್ನು ಅಣ್ಣನ ಮುಂದಕ್ಕೆ ಸರಿಸಿದ.

ಅಣ್ಣ ಅರ್ಜಿಯನ್ನು ಎಳೆದುಕೊಂಡು, ಅದರ ಎಡ ಅಂಚಿಗೂ ಕೈಯಿಟ್ಟು ನೋಡಿದ. ಆಮೇಲೆ ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ.

“ಎಡಗನ್ನಡಿ ನೋಡ್ದೆ ಯಾವತ್ತಾದ್ರೂ ಗಾಡಿ ಎತ್ತಿದೀನಾ ನಾನು? ಲೇ, ಆ ಕೆಂಪು ಟೇಪು ಕೊಡು.”

ಹಾಳೆಯ ಎಡ ಅಂಚಿಗೆ ಉದ್ದಕ್ಕೂ ಟೇಪು ಅಂಟಿಸಿದ. ಪ್ರತಿ ಸಾಲಿಗೂ ಕೆಂಪು ಕಾಣುವ ತನಕ ಕತ್ತು ತಿರುಗಿಸಿ, “ಕನ್ನಡಿ” ಎಂದು ಗಟ್ಟಿಯಾಗಿ ಹೇಳಿ, ಅಲ್ಲಿಂದ ಹೊರಟ. ಐದನೆಯ ಸಾಲಿಗೆ ಹಣೆಯಲ್ಲಿ ಬೆವರು. ಕಾಫಿ ಆರಿತು, ಅತ್ತಿಗೆ ಬಿಸಿ ಮಾಡಿ ತಂದಳು, ಮತ್ತೆ ಆರಿತು. ಅರ್ಧ ಗಂಟೆ ಮೀರಿದ ಮೇಲೆ ಪೆನ್ನು ಕೆಳಗಿಟ್ಟ.

“ಎಷ್ಟು?”

“ಹದಿನೆಂಟು.”

“ಹಾಗಾದ್ರೆ ಇಬ್ಬರನ್ನ ಸ್ಟಾಪಲ್ಲೇ ಬಿಟ್ಟು ಬಂದಿದೀನಿ,” ಎಂದ ಅಣ್ಣ. “ಇನ್ನೊಂದು ಹಾಳೆ ತೆಗಿ. ಸೋಮವಾರ ವಾರವಾರವೂ ಬರುತ್ತೆ.”

ತಮ್ಮ ಗುಂಡಿ ಒತ್ತಿದ. ಅಣ್ಣ ಆಗಲೇ ಟೇಪು ಹರಿಯುತ್ತಿದ್ದ.

ಹನ್ನೊಂದು ದಿನ ಎಡಗಡೆಯ ಎಂಟು ಮನೆಗಳಲ್ಲಿ ಒಂದೂ ‘ಮ’ ಇರಲಿಲ್ಲ ಎಂಬುದನ್ನು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.