ಹುಚ್ಚವ್ವನ ಹರಕೆ

"ಜೋರ್ಲೆ ಅನ್ನೋ ತಮ್ಮಾ, ದೇವರಿಗೆ ಕೇಳಬೇಕು," ಎಂದಳು ಕರೆವ್ವ.

ಪುಂಡಲೀಕಪ್ಪ ಹಲ್ಲು ಕಚ್ಚಿ "ಹರಹರ ಮಹಾದೇವ" ಎಂದ. ಬಾಯಿಗೆ ಮಣ್ಣು ಬಂತು. ಬೋರಲು ಬಿದ್ದಲ್ಲೇ ಕೈ ಚಾಚಿ ಬೇವಿನ ಕಡ್ಡಿಯಿಂದ ನೆಲದ ಮೇಲೆ ಗೀಟು ಎಳೆದ. ಇನ್ನು ಏಳಬೇಕು, ಆ ಗೀಟಿನ ಮೇಲೆ ನಿಲ್ಲಬೇಕು, ಮತ್ತೆ ಬೀಳಬೇಕು. ಡಂಬಳದ ಕೆರೆಯಿಂದ ಬಸಪ್ಪನ ಗುಡಿಯವರೆಗೂ ಹೀಗೇ. ದೀಡ ನಮಸ್ಕಾರ ಅಂದರೆ ಎರಡೂ ಕಾಲು ನೆಟ್ಟಗಿದ್ದವರಿಗೇ ಸೊಂಟ ಬಿದ್ದುಹೋಗುತ್ತದೆ. ಇವನದೋ, ಬಲಗಾಲು ಮಡಚುವುದೇ ಇಲ್ಲ!

ಹರಕೆ ಇವನದಲ್ಲ, ಅವ್ವ ಹುಚ್ಚವ್ವನದು. ಅವಳು ಯಾಕೋ ವರ್ಷ ವರ್ಷ ಮುಂದೂಡುತ್ತಲೇ ಬಂದು, ಕಡೆಗೆ ತೀರಿಸದೆಯೇ ಕಣ್ಣು ಮುಚ್ಚಿದಳು. ಸಾಯುವಾಗ ಮಗನಿಂದ ಭಾಷೆ ತೆಗೆದುಕೊಂಡಳು. ಯಾತಕ್ಕೆ ಹೊತ್ತದ್ದು ಅಂತ ಮಾತ್ರ ಹೇಳಲಿಲ್ಲ. ಹರಕೆ ಮುಟ್ಟುವ ತನಕ ಬಾಯಿ ಬಿಡಬಾರದಂತೆ. ಹೊತ್ತ ದಿನ ಜೊತೆಗಿದ್ದ ನೆರೆಮನೆಯ ಕರೆವ್ವನಿಗೆ ಎಲ್ಲ ಗೊತ್ತು. ಅವಳೂ ತುಟಿ ಬಿಚ್ಚಲೊಲ್ಲಳು.

ಹೇಳುವುದೇನು ಮಣ್ಣು? ಮಗನ ಕಾಲು ನೆಟ್ಟಗಾಗಲಿ ಅಂತ ಬೇಡಿರುತ್ತಾಳೆ, ಮತ್ತೇನು! ಚಲೇಜಾವ್ ಚಳವಳಿಯ ವರ್ಷ ಗೆಳೆಯರೊಡನೆ ಟೆಲಿಗ್ರಾಫ್ ತಂತಿ ಕತ್ತರಿಸಲು ಹೊರಡಬೇಕಾಗಿದ್ದ ದಿನವೇ ಇವನು ಮೇವಿನ ಬಣವೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಗೆಳೆಯರು ಇವನನ್ನು ಬಿಟ್ಟು ಹೋದರು. ಅವರಲ್ಲೊಬ್ಬ, ಕರೆವ್ವನ ಒಬ್ಬನೇ ಮಗ ಹೊಳೆಯಪ್ಪ, ಪೊಲೀಸರ ಗುಂಡಿಗೆ ಎದೆ ಕೊಟ್ಟು ಸತ್ತ. ಸ್ವಾತಂತ್ರ್ಯ ಬಂದ ದಿನ ಊರಿಗೆ ಊರೇ ಅವನ ಹೆಸರಿಗೆ ಜೈಕಾರ ಹಾಕಿತು. ಅದೇ ಜನ ಇವನಿಗೆ, "ಏ ಕುಂಟ, ಸರಿ ಅತ್ತಾಗ, ಝಂಡಾ ಕಾಣವಲ್ದು," ಅಂದರು.

"ಚಿಗವ್ವ, ಕೊಡಲಾರದ ದೇವರಿಗೆ ಯಾತರ ಹರಕಿ? ನನ್ನ ಕಾಲ ನೋಡು, ಹೆಂಗಿತ್ತೋ ಹಂಗ ಐತಿ."

"ಬಸಪ್ಪ ಕೊಟ್ಟಾನ ತಮ್ಮಾ. ನೀ ಏಳು."

"ಏನ್ ಕೊಟ್ಟಾನ? ಹೊಳೆಯಪ್ಪಗ ಊರಾಗ ಹೆಸರು ಕೊಟ್ಟ. ನನಗ ಊರುಗೋಲು ಕೊಟ್ಟ!"

ಕರೆವ್ವ ತಂಬಿಗೆಯ ನೀರನ್ನು ಅವನ ಮುಂದಿನ ಧೂಳಿಗೆ ಚಿಮುಕಿಸುತ್ತ ನಡೆದಳು. ಇವನಿಗೆ ಮೈಯೆಲ್ಲ ಉರಿಯಿತು. ಬೇಡಿದ್ದನ್ನು ಕೊಡದೆ ಮೇಲಿಂದ ಸ್ತುತಿ ಬೇರೆ ಹೇಳಿಸಿಕೊಳ್ಳುವ ದೇವರು ಎಂಥವನಪ್ಪಾ! ಸಿಟ್ಟಿನಲ್ಲೇ ಬಿದ್ದ, ಸಿಟ್ಟಿನಲ್ಲೇ ಎದ್ದ, ಮತ್ತೆ ಬಿದ್ದ.

ಗುಡಿ ಮುಟ್ಟುವಷ್ಟರಲ್ಲಿ ಮೊಣಕೈ ಎರಡೂ ಕಿತ್ತುಹೋಗಿದ್ದವು. ಪೂಜಾರಿ ಮಂಗಳಾರತಿ ಬೆಳಗಿದ. ಕರೆವ್ವ ಕಾಯಿ ಒಡೆಸಿ, "ಹುಚ್ಚವ್ವನ ಹರಕಿ ಮುಟ್ಟಿತು, ಬಸಪ್ಪಾ," ಎಂದು ಕೈ ಮುಗಿದಳು.

"ಈಗರ ಹೇಳು," ಪುಂಡಲೀಕಪ್ಪ ಏದುಸಿರು ಬಿಡುತ್ತ ಕೇಳಿದ. "ಏನ್ ಬೇಡಿದ್ಲು ಅವ್ವ?"

ಕರೆವ್ವ ಅವನತ್ತ ತಿರುಗಲಿಲ್ಲ.

"ನೀವು ಹೊರಡೂ ದಿನ ಮುಂಜಾನಿ ನಾವಿಬ್ರೂ ಇಲ್ಲೇ ನಿಂತಿದ್ವಿ. ನನ್ನ ಮಗ ಗೆದ್ದು ಬರಲಿ ಅಂತ ನಾ ಬೇಡಿದೆ. ನಿಮ್ಮವ್ವ, 'ನನ್ನ ಮಗನ ಕಾಲಾದ್ರೂ ಮುರಿ, ಅಂವ ಹೋಗೂದು ಬ್ಯಾಡ' ಅಂದ್ಲು. ಹಂಗ ಬೇಡಾಕ ನನಗ ಬಾಯಿ ಬರಲಿಲ್ಲ ತಮ್ಮಾ."