ಡ್ರಿಲ್ ಮೇಷ್ಟ್ರ ಮಂಡಿನೋವು

ಪ್ಲಂಬರ್ ಬಚ್ಚಲುಮನೆಯ ಗೋಡೆಗೆ ತೂತು ಕೊರೆಯುತ್ತಿದ್ದ. ಕೊರೆಯುತ್ತಿರುವುದು ತಮ್ಮ ಮಂಡಿಯನ್ನೇ ಎಂಬಂತೆ ಡ್ರಿಲ್ ಮೇಷ್ಟ್ರು ಹೊರಗೆ ಕುರ್ಚಿಯಲ್ಲಿ ಮುದುಡಿ ಕೂತಿದ್ದರು.

"ಹಿಡಿಕೆ ಎಷ್ಟು ಎತ್ತರಕ್ಕಿರಲಿ ಅಮ್ಮಾ?"

ಮೇಷ್ಟ್ರ ಹೆಂಡತಿ ಕಮೋಡಿನ ಮೇಲೆ ಕೂತು, ಕೈ ಚಾಚಿ, ಗೋಡೆ ಮುಟ್ಟಿ ತೋರಿಸಿದಳು. "ಇಲ್ಲಿ. ಗಟ್ಟಿಯಾಗಿ ಕೂರಿಸಪ್ಪ, ಪೂರ್ತಿ ಭಾರ ಅದರ ಮೇಲೇ ಬೀಳೋದು."

ಅವಳು ಮೇಷ್ಟ್ರ ಭುಜದೆತ್ತರ. ಅಷ್ಟು ತಗ್ಗಿನ ಹಿಡಿಕೆ ತಮಗೆ ಆಗುವುದಿಲ್ಲ ಎನ್ನಿಸಿತು. ಆದರೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ವಾರದಿಂದ ಮನೆಯಲ್ಲಿ ಇದೇ ನಡೆದಿತ್ತು. ಕಾಲಿಗೆ ತೊಡರೀತೆಂದು ನೆಲಹಾಸುಗಳೆಲ್ಲ ಅಟ್ಟ ಸೇರಿದ್ದವು. ಕೈಯಿರುವ ಎತ್ತರದ ಕುರ್ಚಿ ಬಂದಿತ್ತು, ಅದರ ಹಿಂದೆಯೇ ವಾಕರ್. ಕೇಳಿದರೆ "ಬೇಕಾಗತ್ತೆ ರೀ" ಎನ್ನುವಳು, ಅಷ್ಟೇ. ಅವಳು ಅಕ್ಕನ ಜೊತೆ ಫೋನಿನಲ್ಲಿ ಪಿಸುಗುಟ್ಟಿದ್ದನ್ನು ಮೇಷ್ಟ್ರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಮಂಡಿ ಪೂರ್ತಿ ಸವೆದಿದೆಯಂತೆ ಅಕ್ಕ. ಬದಲಾಯಿಸಲೇಬೇಕಂತೆ. ಇವರಿಗಿನ್ನೂ ಹೇಳಿಲ್ಲ, ಹೆದರಿಕೊಳ್ತಾರೆ."

ಹೆದರದೆ ಇನ್ನೇನು? ಮೇಷ್ಟ್ರ ಮಂಡಿ ಗುಂಡುಕಲ್ಲಿನ ಹಾಗಿತ್ತು. ಇವಳ ಬಾಯಲ್ಲಿ ಇವರ ಕುಂಟಾಟದ ವರ್ಣನೆ ಕೇಳಿಯೇ ಯಾವನೋ ಡಾಕ್ಟರು ಕತ್ತಿ ಮಸೆದಿರಬೇಕು.

ಹಾಗೆ ನೋಡಿದರೆ ಮೊದಲ ಸಲದ ನೋವು ಸುಳ್ಳಲ್ಲ. ಅವರದು ಲಿಫ್ಟಿಲ್ಲದ ಕಟ್ಟಡ, ಮೂರನೆಯ ಮಹಡಿ. ಶಾಲೆಯಿಂದ ನಿವೃತ್ತಿಯಾದ ವರ್ಷ ಸಾಮಾನಿನ ಚೀಲ ಹೊತ್ತು ಹತ್ತುವಾಗ ಕಾಲು ಉಳುಕಿತ್ತು. ಹದಿನೈದು ದಿನದಲ್ಲಿ ಉಳುಕು ಹೋಯಿತು, ಸುಖ ಹೋಗಲಿಲ್ಲ. ಕೂತಲ್ಲಿಗೆ ಟೀ, ಬಿಸಿನೀರಿನ ಚೀಲ, "ನೀವು ಏಳ್ಬೇಡಿ ರೀ" ಎಂಬ ಮಾತು. ಯಾರಿಗೆ ಬೇಡ? ಅಂದಿನಿಂದ ಸಾಮಾನು, ನೀರಿನ ಕ್ಯಾನು ಎಲ್ಲ ಅವಳ ಪಾಲಿಗೆ. ಬೇಕರಿಯಲ್ಲಿ ದಿನವಿಡೀ ನಿಂತು ಬ್ರೆಡ್ಡು ಮಾರಿ ಬಂದು, ಆಮೇಲೆ ಇದು. ಅವಳು ಕೆಲಸಕ್ಕೆ ಹೊರಟು ಬೀದಿ ತಿರುವು ದಾಟಿದ್ದೇ ತಡ, ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಶಾಲೆಯ ಅಂಗಳಕ್ಕೆ ಓಡುವರು. ಮನಸಾರೆ ಶಟಲ್ ಆಡಿ, ಬೆವರೊರೆಸಿಕೊಂಡು, ಅವಳು ಬರುವಷ್ಟರಲ್ಲಿ ಕಾಲು ಚಾಚಿ ನರಳುತ್ತಿರುವರು. ಡ್ರಿಲ್ ಕಲಿಸಿದ ಮನುಷ್ಯ, ಶಿಸ್ತಿಗೇನು ಕಮ್ಮಿ?

ಈಚೆಗೆ ಅವಳೂ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ, ಥೇಟ್ ಇವರ ಹಾಗೆಯೇ ಹತ್ತುತ್ತಿದ್ದಳು. ಅಣಕಿಸುತ್ತಿದ್ದಾಳೆ, ಗುಟ್ಟು ರಟ್ಟಾಗಿದೆ ಎಂದು ಮೇಷ್ಟ್ರು ಕುಗ್ಗಿಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಜಾತಿ.

ಹಿಡಿಕೆ ಕೂರಿಸಿದ ದಿನವೇ ಸಂಜೆ ಅವಳು ಹುಳುಕು ಹಲ್ಲೊಂದನ್ನು ಕೀಳಿಸಿಕೊಂಡು ಬಂದಳು. ಕೆನ್ನೆ ಊದಿತ್ತು. ಕೈಯಲ್ಲಿ ನೀರಿನ ಕ್ಯಾನು. ಇಸಿದುಕೊಳ್ಳಲೆಂದು ಚಂಗನೆ ಎದ್ದ ಮೇಷ್ಟ್ರು, ಕುಂಟಬೇಕಾದ್ದು ನೆನಪಾಗಿ ಮತ್ತೆ ಕೂತುಬಿಟ್ಟರು. ಛೀ, ಇದೂ ಒಂದು ಬಾಳೇ ಎನ್ನಿಸಿತು.

"ಈ ಗಡಿಬಿಡೀಲಿ ಹಲ್ಲು ಯಾಕೆ ಕೀಳಿಸ್ದೆ?"

"ಬಾಯಲ್ಲಿ ನಂಜು ಇರಬಾರದು, ಈಗಲೇ ಮುಗಿಸ್ಕೊಳ್ಳಿ ಅಂದ್ರು ಡಾಕ್ಟ್ರು. ಇನ್ನು ಹದಿನೈದು ದಿನಕ್ಕೆ ಆಸ್ಪತ್ರೆಗೆ ಹೋಗ್ಬೇಕು ರೀ. ನಿಮ್ಮ ಹತ್ರ ಒಂದು ಮಾತು..."

"ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ನಾಚಿಕೆಯಿಂದ ಮೇಷ್ಟ್ರ ಮುಖ ಸುಡುತ್ತಿತ್ತು. ಊರ ಮಕ್ಕಳಿಗೆಲ್ಲ ಬಸ್ಕಿ ಹೊಡೆಸಿದ ಮನುಷ್ಯ ನಡುಮನೆಯಲ್ಲಿ ನಿಂತು, ಎರಡೂ ಕಿವಿ ಹಿಡಿದು, ಹೆಂಡತಿಯ ಮುಂದೆ ಬಸ್ಕಿ ಹೊಡೆಯತೊಡಗಿದರು. ಒಂದು ಕೀಲೂ ಲಟಕ್ ಎನ್ನಲಿಲ್ಲ.

"ನೋಡು, ನನ್ನ ಕಾಲಿಗೆ ಏನೂ ಆಗಿಲ್ಲ. ನಾಲ್ಕು ವರ್ಷದಿಂದ ನಾಟಕ ಆಡ್ದೆ. ನೀನು ಅತ್ಲಾಗೆ ಹೋದ್ರೆ ನಾನು ಇತ್ಲಾಗೆ ಶಟಲ್ ಆಡೋಕೆ ಹೋಗ್ತೀನಿ. ಮಾನಗೆಟ್ಟೋನು ನಾನು. ಬೈಯಿ, ಏನಾದ್ರೂ ಅನ್ನು. ಆಪರೇಷನ್ ಮಾತ್ರ ಬೇಡ ಕಣೇ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾನು ಕೆಳಗಿಟ್ಟು, ಹೊಸ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಬಲಗಾಲನ್ನು ಮಡಿಸಲಾರದೆ ಮುಂದೆ ಚಾಚಿ, ಮೆಲ್ಲಗೆ ಕೂತಳು.

"ಆಪರೇಷನ್ ನನಗೆ ರೀ," ಅಂದಳು. "ಎರಡು ವರ್ಷದ ಹಿಂದೇನೇ ಆಗ್ಬೇಕಿತ್ತು, ಕಾಲುನೋವಿನೋರನ್ನ ಒಬ್ಬರನ್ನೇ ಹೇಗೆ ಬಿಟ್ಟುಹೋಗ್ಲಿ ಅಂತ ಮುಂದೆ ಹಾಕ್ತಾ ಬಂದೆ."